ಕೂಸಿಗೆ ನೀವೇನಾಗಬೇಕು?

ಸೋಮವಾರ, ೩ ಫೆಬ್ರವರಿ ೨೦೨೫

ಭಾಗ್ಯಾ,

ನೀ ಹೇಳಿದಂಗ ಇವತ್ತಿಂದ ಫೋನ್ ಬಂದ್ ಮಾಡೀನಿ. ನಿನ್ನೆ ಒಂದೇ ದಿನದಾಗ ಅಷ್ಟು ಸಲ ಹಚ್ಚಿದ್ದು ನಂದೇ ತಪ್ಪು. ಸಿಸ್ಟರ್ ನಿನ್ನ ಫೋನ್ ಕಸಗೊಂಡು ಕಪಾಟಿನ್ಯಾಗ ಇಟ್ಟಾಳಂತ ಕೇಳಿ ನಂಗ ಸಿಟ್ಟೇನೂ ಬರಲಿಲ್ಲ. ಆಕಿ ಜಾಗಾದಾಗ ನಾ ಇದ್ದಿದ್ರ ಬಾವಿಗಿ ಒಗೀತಿದ್ದೆ.

ಆದ್ರ "ಏನ್ ಕೇಳೋದದ ಬರದು ಡಬ್ಬ್ಯಾಗ ಹಾಕ್ರಿ" ಅಂದಿ ನೋಡು, ಅದು ಭಾಳ ಕಠಿಣ ಶಿಕ್ಷಾ. ಐದನೇತ್ತಾ ಅರ್ಧಕ್ಕ ಬಿಟ್ಟು ಫರಸಿ ಕಲ್ಲು ಹೊರಾಕ ಹೋದಂವ ನಾ. ಒಂಬತ್ತನೇತ್ತಾ ಓದಿದಾಕಿನ್ನ ಲಗ್ನ ಆದ್ರ ಹಿಂಗೇ ಆಗ್ತದ.

ಡಬ್ಬಿ ದಿನಾ ಮುಂಜಾನಿ ಕಾಳಗಿ-ಸೇಡಂ ಬಸ್ಸಿಗೆ ಬರ್ತದ. ಕಂಡಕ್ಟರ್ ಬಾಬುಮಿಯಾ ತಾನೇ ದವಾಖಾನಿ ಗೇಟಿನ್ಯಾಗ ಕೊಡ್ತೀನಂದಾನ. ಖಾಲಿ ಡಬ್ಬ್ಯಾಗ ನೀ ಜವಾಬು ಹಾಕು, ಸಂಜಿ ಬಸ್ಸಿಗೆ ತರ್ತಾನ. ಸಾರು ಚೆಲ್ಲದಂಗ ಬಿಗಿ ಮಾಡೀನಿ. ಚೆಲ್ಲಿದ್ರ ಹೇಳು. ಚೆಲ್ಲದಿದ್ರೂ ಹೇಳು, ಇಲ್ಲಾಂದ್ರ ಚೆಲ್ಲೇದ ಅಂತ ತಿಳೀತೀನಿ.

ಈಗ ಕೇಳೋದು. ಜ್ವರ ಇಳೀತಾ? ತೊಟ್ಟಿಲ ಮ್ಯಾಲ ಫ್ಯಾನ್ ಅದ ಏನು? ಇದ್ರ ಸರಸಾಕ ಹೇಳು, ಫ್ಯಾನ್ ಬೀಳ್ತಾವ. ಕೈಗೆ ಚುಚ್ಚಿದ ಸೂಜಿ ಕೂಸು ಜಗ್ಗಿದ್ರ? "ರಕ್ತದಾಗ ನಂಜು ಆಗ್ಯಾದ" ಅಂದ್ರು ಡಾಕ್ಟರ್. ಹುಟ್ಟಿ ಎರಡು ವಾರ ಆಗಿಲ್ಲ, ನಿನ್ನ ಹಾಲು ಬಿಟ್ಟು ಏನೂ ರುಚಿ ನೋಡಿಲ್ಲ, ಅದರ ರಕ್ತಕ್ಕ ನಂಜು ಎಲ್ಲಿಂದ ಬಂತು? ಗಂಡಸರಿಗೆ ಅಲ್ಲಿ ವಸ್ತಿ ಇರಾಕ ಬಿಟ್ಟಿದ್ರ ನಾನೇ ಕೇಳ್ತಿದ್ದೆ.

ಅಂಬುಜಾ ಸಾಲಿಗಿ ಹೋಗ್ಯಾಳ. ಅವ್ವಗ ಮೊಣಕಾಲು ನೋವು, ಆದ್ರೂ ರೊಟ್ಟಿ ತಾನೇ ಬಡದಾಳ.

ನಿನ್ನ,
ಅಣವೀರ


ಮಂಗಳವಾರ, ೪ ಫೆಬ್ರವರಿ

ಅಂಬುಜಾನ ಅಪ್ಪಗ,

ಸಾರು ಚೆಲ್ಲಿಲ್ಲ. ಮೊದಲು ಇದು ಬರದೀನಿ, ಇನ್ನ ಸಮಾಧಾನದಿಂದ ಓದ್ರಿ. ಓದಾಕ ಕಷ್ಟ ಆಗಂಗಿಲ್ಲ, ನನ್ನ ಅಕ್ಷರ ನಿಮ್ಮಂಗ ಕುಂಟಂಗಿಲ್ಲ.

ಕೂಸು ಚೊಲೋ ಅದ. ಜ್ವರ ಇಳದದ. ಫ್ಯಾನು ಗ್ವಾಡಿಗದ, ಅದೂ ತಿರಗಂಗಿಲ್ಲ, ಯಾಕಂದ್ರ ಒಳಗ ಎ.ಸಿ. ಅದ. ಈಗ ಎ.ಸಿ.ಗೆ ಚಿಂತಿ ಹಚ್ಚಿಕೊಳ್ಳಬ್ಯಾಡ್ರಿ. ಕೂಸಿಗೆ ಗಾಜಿನ ಪೆಟ್ಟಿಗಿ ಅದ, ನಮ್ಮ ಒಲಿ ಮುಂದ ಕುಂತಂಗ ಬೆಚ್ಚಗಿರ್ತದ. ಸೂಜಿಗೆ ಪಟ್ಟಿ ಸುತ್ತಿ ಸಣ್ಣ ಕಟಗಿ ಕಟ್ಯಾರ, ಜಗ್ಗಾಕ ಆಗಂಗಿಲ್ಲ.

ನಮ್ಮ ಖೋಲ್ಯಾಗ ಐದು ಮಂದಿ ತಾಯಂದ್ರು ಅದೀವಿ. ಉಮಾದೇವಿ ಸಿಸ್ಟರ್ ಬಂದು "ಹೊತ್ತಾತು" ಅಂದ ಕೂಡ್ಲೇ ಎಲ್ರೂ ಸ್ಟೀಲ್ ಬಟ್ಟಲು ಹಿಡದು ಹಾಲು ಹಿಂಡಾಕ ಕುಂದರ್ತೀವಿ. ಬಾಜೂ ಮಂಚದ ನಜಮುನ್ನೀಸಾ ವಾಡಿಯಾಕಿ, ಗಂಡ ರೈಲ್ವೇದಾಗದಾನ. ಆಕಿ ಅಂತಾಳ, "ಅಕ್ಕಾ, ನಾವು ಡೈರಿ ಹಾಕಬಹುದು ನೋಡು. ಬೋರ್ಡ್ ಮ್ಯಾಲ ನಿನ್ನ ಫೋಟೋ." ನಕ್ಕು ನಕ್ಕು ಹಾಲು ಚೆಲ್ಲಿದೆ, ಸಿಸ್ಟರ್ ಬೈದ್ಳು. ಆ ಹಾಲು ಕೂಸಿಗೆ ಕುಡಸ್ತಾರ. ಪೂರಾ ಕುಡೀತದ.

ನಂಗ ಇಲ್ಲಿ ಒಂದೇ ತ್ರಾಸು. ಕುಂತು ಉಣ್ಣೋದು ರೂಢಿ ಇಲ್ಲ.

ಅತ್ತಿಯವರ ಮೊಣಕಾಲಿಗೆ ಎಣ್ಣಿ ಹಚ್ರಿ. ನೀವು ಕಲ್ಲು ಹೊರುವಾಗ ನನ್ನ ನೆನಸಬ್ಯಾಡ್ರಿ, ಕಾಲ ಮ್ಯಾಲ ಹಾಕ್ಕೊಂಡೀರಿ.

ಭಾಗ್ಯಜ್ಯೋತಿ


ಬೇಸ್ತವಾರ, ೬ ಫೆಬ್ರವರಿ

ಭಾಗ್ಯಾ,

ಬಾಬುಮಿಯಾ ನಿನ್ನೆ ಡಬ್ಬಿ ಕೊಡುವಾಗ ಒಂದು ಮಾತಂದ. ಗೇಟಿನ ವಾಚಮನ್ ರಾಮಲಿಂಗ ಅವಗ ಹೇಳ್ಯಾನಂತ, ಡಬ್ಬಿ ಅಕ್ಕನ ಕೂಸಿನ ಮೂಗಿನ್ಯಾಗ ನಳಿಗಿ ಹಾಕ್ಯಾರ, ಬಾಯಿಲೆ ಒಂದು ಹನಿನೂ ಎಳ್ಯಂಗಿಲ್ಲ ಅಂತ. ನೀ ಬರದಿ, "ಪೂರಾ ಕುಡೀತದ." ಹೌದು, ಸುಳ್ಳೂ ಅಲ್ಲ. ನಿನ್ನ ಜಾಣತನ ನಂಗೇನು ಹೊಸಾದಲ್ಲ.

ಸಿಟ್ಟಿಲ್ಲ. ಆದ್ರ ನೀ ಚೊಲೋ ಅದ ಅಂದಷ್ಟೂ ನಂಗ ಹೆದರಿಕಿ ಜಾಸ್ತಿ. ನಿನ್ನೆ ಸಂಜಿಕ ಹೊಳಿ ದಂಡಿಗಿ ಹೋಗಿ ಕುಂತೆ. ಕಾಗಿಣಾದಾಗ ನೀರು ಇಳದದ, ಬಂಡಿಗಲ್ಲು ಕಾಣ್ತಾವ. ಅದನ್ನ ನೋಡಿದ್ರೂ ಏನೇನೋ ಅನಸ್ತದ.

ನಾನೂ ಅವ್ವನೂ ಕೂಡಿ ಒಂದು ಕೆಲಸ ಮಾಡೀವಿ. ಏನಂತ ಕೇಳಬ್ಯಾಡ. ಮನಿಗಿ ಬಂದ ಮ್ಯಾಲ ಹೇಳ್ತೀವಿ. ಹಾಲುಣಿಸೋ ತಾಯಿಗೆ ಹೇಳಬಾರದಂತ, ಹೇಳಿದ್ರ ಅಳು ಬಂದು ಹಾಲು ಬತ್ತತದಂತ ಅವ್ವ ಅಂದಾಳ. ಅಳೋವಂಥಾದ್ದೇನೂ ಅಲ್ಲ.

ಇವತ್ತಿನ ರೊಟ್ಟಿ ಬ್ಯಾರೆ ಜ್ವಾಳದ್ದು. ನೀನೇ ತಿನ್ನು. ಯಾರಿಗೂ ಹಂಚಬ್ಯಾಡ, ಚೂರೂ ಬಿಡಬ್ಯಾಡ.

ಆ ಕೂಸಿನ ತಬ್ಯೇತ್ ಹ್ಯಾಂಗದ, ಬರಿ.

ಅಣವೀರ


ಶನಿವಾರ, ೮ ಫೆಬ್ರವರಿ

ಅಂಬುಜಾನ ಅಪ್ಪಗ,

ನಿಮ್ಮ ಬ್ಯಾರೆ ಜ್ವಾಳದ ರೊಟ್ಟಿ ಅರ್ಧ ನಜಮುನ್ನೀಸಾ ತಿಂದಾದ ಮ್ಯಾಲ ಚೀಟಿ ಓದಿದೆ. ವಾಪಸ್ ಕಕ್ಕು ಅನ್ನಲೇನು? ಉಳದದ್ದು ನಾ ತಿಂದೀನಿ, ತುಣುಕು ಬಿಟ್ಟಿಲ್ಲ.

ನಳಿಗಿ ಖರೇ. ಎಳಿಯೋ ಶಕ್ತಿ ಬರುತನಕ ಹಾಂಗೇ ಕುಡಸ್ತಾರ. ಹೇಳಿದ್ರ ನೀವು ಅಂಜತೀರಿ ಅಂತ ಹೇಳಲಿಲ್ಲ. ಹೇಳದೇ ಅಂಜೀರಿ. ಇನ್ನ ಮುಂದ ಹೇಳ್ತೀನಿ, ನೀವೂ ಹೇಳ್ರಿ.

ಹೇಳೋದದ ಈಗ. ಔಷಧಿ ಕೊಟ್ರೂ ಜ್ವರ ಮತ್ತ ಮತ್ತ ಏರಾಕತ್ತದ. ನಂಜು ತಲಿಗೆ ಏರ್ಯಾದೇನೋ ನೋಡಬೇಕಂತ. ಅದಕ್ಕ ಬೆನ್ನಾಗ ಸೂಜಿ ಹಾಕಿ ನೀರು ತಗೀತಾರಂತ. ದೊಡ್ಡ ಡಾಕ್ಟರ್ ಬೇಸ್ತವಾರ ಬರ್ತಾರ. ಅವತ್ತು ತಾಯಿ ತಂದಿ ಇಬ್ಬರೂ ಇರ್ರಿ, ಸಹಿ ಬೇಕು ಅಂದಾರ.

ನಾ "ಬರ್ರಿ" ಅನ್ನಾಕಿ ಅಲ್ಲ, ನಿಮಗ ಗೊತ್ತದ. ಹೆರಿಗಿಗೂ ಅನ್ನಲಿಲ್ಲ. ಈಗ ಅಂತೀನಿ. ಬೇಸ್ತವಾರ ಬರ್ರಿ.

ಇನ್ನೊಂದು. ನಿಮ್ಮ ಚೀಟ್ಯಾಗ "ಆ ಕೂಸು" ಅಂತ ಬರದೀರಿ. ಯಾರ ಮನಿ ಕೂಸು ಕೇಳಿದಂಗ. ಕೈ ಜಾರಿ ಬಂತು ಅಂತ ತಿಳೀತೀನಿ.

ಭಾಗ್ಯಜ್ಯೋತಿ


ಶುಕ್ರವಾರ, ೧೪ ಫೆಬ್ರವರಿ

ಭಾಗ್ಯಾ,

ನಿನ್ನೆ ಬರಾಕ ಆಗಲಿಲ್ಲ. ಡಬ್ಬಿ ಬಾಬುಮಿಯಾನ ಕೈಯಾಗ ಕೊಟ್ಟೆ, ಅಂಬುಜಾಗ ಏನೋ ಹೇಳಾಕ ತಿರಗಿದೆ, ಬಸ್ ಹೊಂಟೇ ಹೋಯ್ತು. ಮುಂದಿನ ಬಸ್ ಬರಲಿಲ್ಲ.

ಏನಾತು? ಸೂಜಿ ಹಾಕಿದ್ರಾ? ನೀರು ಹ್ಯಾಂಗಿತ್ತು? ಆ ಕೂಸು ಅಳ್ತಾ? ಡಬ್ಬ್ಯಾಗ ಜವಾಬು ಇರಲಿಲ್ಲ. ತಳಾ ತನಕ ನೋಡಿದೆ, ಮುಚ್ಚಳದಾಗೂ ನೋಡಿದೆ.

ಬಾಜೂ ಮನಿ ಅಮೀರ್ಬೀ ಚಾಚಿ ನಿನ್ನೆ ಹಬ್ಬದ ಬಡೀ ರಾತ್‌ನ್ಯಾಗ ಬೆಳತನಕ ದುವಾ ಮಾಡ್ಯಾಳ. ಹಲ್ವಾ ಕಳಿಸ್ಯಾಳ, ಮ್ಯಾಲಿನ ಡಬ್ಬ್ಯಾಗದ.

ಅಣವೀರ


ಶನಿವಾರ, ೧೫ ಫೆಬ್ರವರಿ

ಅಂಬುಜಾನ ಅಪ್ಪಗ,

ಬಸ್ ತಪ್ಪಿಲ್ಲ. ಬೇಸ್ತವಾರ ಡಬ್ಬಿ ತಂದು ಕೊಟ್ಟದ್ದು ಬಾಬುಮಿಯಾ ಅಲ್ಲ. ಯಾರೋ ಒಬ್ಬಾತ ನೀಲಿ ಟಾವೆಲ್ಲಿನಂವ ಕೊಟ್ಟು, ಎದುರಿಗಿನ ಬೇವಿನ ಗಿಡದ ಬುಡಕ ಸಂಜಿ ಬಸ್ ಬರುತನಕ ಕುಂತಿದ್ದ ಅಂತ ರಾಮಲಿಂಗ ಅಂದ. "ಚಾ ಕುಡಿ ಅಂದ್ರೂ ಕುಡೀಲಿಲ್ಲ ಅಕ್ಕಾ, ಕಿಡಕಿನೇ ನೋಡ್ತಿದ್ದ. ಹುಚ್ಚ ಇರಬೇಕು."

ಆ ಟಾವೆಲ್ಲು ನಾನೇ ಕೊಂಡದ್ದು, ಚಿತ್ತಾಪುರ ಸಂತ್ಯಾಗ.

ಗೇಟಿನ ತನಕ ಬಂದು ಒಳಗ ಬರಲಿಲ್ಲ ನೀವು. ನೋಡಾಕ ಧೈರ್ಯ ಆಗಲಿಲ್ಲ, ಅಲ್ಲಾ? ಅಥವಾ ಮನಸಿನ್ಯಾಗೇ ಬಿಟ್ಟು ಕೊಟ್ಟೀರಿ. "ಆ ಕೂಸು" ಅಂತ ಎರಡನೇ ಸಲ ಬರದೀರಿ, ಇದು ಕೈ ಜಾರಿದ್ದಲ್ಲ. ಹೋಗೋ ಕೂಸಿನ ಮ್ಯಾಲ ಮಾಯಾ ಹಚ್ಚಿಕೊಳ್ಳೋದು ಬ್ಯಾಡ ಅಂತ ದೂರ ಸರದು ನಿಂತೀರಿ.

ಸಹಿ ನಾ ಒಬ್ಬಾಕಿನೇ ಮಾಡಿದೆ. ಉಮಾದೇವಿ ಸಿಸ್ಟರ್ ನೀರು ಕೊಟ್ಳು.

ರಿಪೋರ್ಟ್ ಬಂತು. ನಂಜು ತಲಿಗೆ ಏರಿಲ್ಲ. ಔಷಧಿ ಬದಲು ಮಾಡ್ಯಾರ. ನಿನ್ನೆಯಿಂದ ಜ್ವರ ಇಲ್ಲ.

ನಿಮ್ಮ ಆ ಕೂಸು ಬದುಕ್ತದಂತ.

ಭಾಗ್ಯಜ್ಯೋತಿ


ಸೋಮವಾರ, ೧೭ ಫೆಬ್ರವರಿ

ಭಾಗ್ಯಾ,

ಬದುಕ್ತದಂತ ಅನ್ನೋ ಸಾಲು ಅಂಬುಜಾನ ಕೈಲೆ ಓದಿಸ್ದೆ, ನನ್ನ ಕಣ್ಣು ಸುಳ್ಳು ಹೇಳ್ತಾವೇನೋ ಅಂತ. ಆಕಿನೂ ಹಾಂಗೇ ಓದಿದ್ಳು. ಅವ್ವ ದೇವರ ಮುಂದ ಕುಂತಾಕಿ ಇನ್ನೂ ಎದ್ದಿಲ್ಲ.

ಈಗ ಹೇಳ್ತೀನಿ. ಹಾಲು ಬತ್ತಿದ್ರ ನನ್ನ ಬೈಬ್ಯಾಡ, ನೀನೇ "ನೀವೂ ಹೇಳ್ರಿ" ಅಂದಿದ್ದಿ.

ಕೂಸು ಮಾರೀವಿ.

ನೆಟ್ಟಗ ಓದು, ಚೀರಬ್ಯಾಡ. ನಳಿಗಿ ಸುದ್ದಿ ಕೇಳಿದ ರಾತ್ರಿ ಅವ್ವ ಅಂದ್ಳು, "ಸಾವು ಬಾಗಿಲಿಗೆ ಬಂದು ಯಾರ ಮನಿ ಕೂಸು ಅಂತ ಕೇಳ್ತದ. ನಂದು ಅಂದವರ ಮನಿಗೇ ನುಗ್ಗತದ. ಮಾರಿಬಿಟ್ರ ಅದಕ್ಕ ಹಾದಿ ತಪ್ಪತದ." ಮುಂಜಾನೆದ್ದು ಕೂಸಿನ ಕುಂಚಿಗಿ ಜ್ವಾಳ ಕೇರೋ ಮರದಾಗ ಇಟ್ಟು ಅಮೀರ್ಬೀ ಚಾಚಿ ಹೊಸ್ತಿಲಿಗೆ ಒಯ್ದೀವಿ. ಚಾಚಿನೇ ಯಾಕಂದ್ರ ಆಕಿ ಹಡದದ್ದು ಒಂದೂ ಹೋಗಿಲ್ಲ, ಎಲ್ಲಾ ಗಟ್ಟಿಮುಟ್ಟ. ಅವ್ವ "ಈ ಕೂಸು ನಮಗ ಬ್ಯಾಡ, ತಗೋ" ಅಂದ್ಳು. ಚಾಚಿ ಒಂದು ಮರ ಜ್ವಾಳ ಅಳದು ಹಾಕಿದ್ಳು. "ತಗೊಂಡೆ. ಇನ್ನ ನಿಮ್ಮದಲ್ಲ" ಅಂದ್ಳು. ಅದೇ ಜ್ವಾಳದ ರೊಟ್ಟಿ ನೀ ತಿಂದದ್ದು. ಜವಳ ತಗದು ಮರಳಿ ಕೊಳ್ಳುತನಕ ನಾವು ಯಾರೂ ನಮ್ಮದು ಅನ್ನಂಗಿಲ್ಲ, ಬರಿಯಂಗಿಲ್ಲ.

ಬೇಸ್ತವಾರ ಬಂದೆ. ಗೇಟಿನ್ಯಾಗ ಆ ರಾಮಲಿಂಗ ಅಡ್ಡ ನಿಂತ.

"ಎಲ್ಲಿಗಿ?"

"ಒಳಗ. ಭಾಗ್ಯಜ್ಯೋತಿ ಕೂಸು."

"ತಾಯಿ ತಂದಿಗಷ್ಟೇ ಬಿಡೋದು. ಕೂಸಿಗೆ ನೀವೇನಾಗಬೇಕು?"

ಭಾಗ್ಯಾ, ಅವತ್ತೇ ಬೆನ್ನಿಗೆ ಸೂಜಿ ಹಾಕೋ ದಿನ. ಅದೇ ಹೊತ್ತಿಗೆ ಬಾಗಿಲಾಗ ನಿಂತು ಒಬ್ಬಾತ ಅದೇ ಮಾತು ಕೇಳ್ತಾನ. ಅಪ್ಪ ಅಂದ್ರ ಕೇಳಿಸ್ಕೊಳ್ಳಬಾರದಂಥಾದ್ದು ಕೇಳಿಸ್ಕೊಂಡ್ರ? "ಏನೂ ಆಗಬೇಕಿಲ್ಲ" ಅಂದೆ.

"ಏನೂ ಆಗಬೇಕಿಲ್ಲಂದ್ರ ಯಾಕ ಬಂದಿಯೋ ಮಾರಾಯಾ?"

"ಡಬ್ಬಿ."

"ಕೊಡು. ಹೋಗು."

ಹೋಗಾಕ ಕಾಲು ಬರಲಿಲ್ಲ. ಗಿಡದ ಬುಡಕ ಕುಂತೆ. ಎರಡನೇ ಮಾಳಗಿಯಾಗ ಒಂದು ಕಿಡಕಿಗೆ ಹಸರ ಪರದೆ ಅದ, ಅದೇ ನಿಮ್ಮದು ಅಂತ ತಿಳದು ನೋಡ್ಕೊಂತ ಕುಂತಿದ್ದೆ. ಬಿಟ್ಟು ಕೊಟ್ಟಿರಲಿಲ್ಲ. ಬಿಟ್ಟು ಕೊಡಬಾರದಂತೇ ಮಾರಿದ್ದು.

ಅಣವೀರ


ಬುಧವಾರ, ೧೯ ಫೆಬ್ರವರಿ

ಅಂಬುಜಾನ ಅಪ್ಪಗ,

ಹಸರ ಪರದೆ ಎಕ್ಸ್-ರೇ ಖೋಲಿದು. ನಮ್ಮದು ಹಿಂದಿನ ಬಾಜೂ. ದಿನವಿಡೀ ಎಕ್ಸ್-ರೇ ಮಶೀನ್ ಕಾದೀರಿ ನೀವು.

ನಿಮ್ಮ ಚೀಟಿ ಓದಿ ಮೊದಲು ಸಿಟ್ಟು ಬಂತು, ನನ್ನ ಕೇಳದೇ ಮಾರ್ಯಾರಲ್ಲಾ ಅಂತ. ಆಮ್ಯಾಲ ಗಿಡದ ಬುಡಕ ಕುಂತ ನೀವು ಕಣ್ಣಿಗೆ ಕಟ್ಟಿದ್ರಿ. ಸೆರಗು ಬಾಯಿಗಿ ಹಿಡದು ಅತ್ತೆ. ಹಾಲೇನೂ ಬತ್ತಿಲ್ಲ, ಅತ್ತಿಯವರಿಗೆ ಹೇಳ್ರಿ. ಬಿಟ್ಟು ಕೊಟ್ಟೀರಿ ಅಂದೆ ನಾ. ಆ ಮಾತು ವಾಪಸ್ ತಗೊಂಡೀನಿ.

ನಿನ್ನೆ ಇಲ್ಲೇನಾಗ್ಯಾದ ನಿಮಗ ಗೊತ್ತದೇನು? ನಿಮ್ಮ ಅಮೀರ್ಬೀ ಚಾಚಿ ಬಂದಿದ್ಳು! ಗೇಟಿನ್ಯಾಗ ಅದೇ ರಾಮಲಿಂಗ, ಅದೇ ಸವಾಲು.

"ಕೂಸಿಗೆ ನೀವೇನಾಗಬೇಕು?"

"ಅವ್ವ."

"ಅವ್ವ ಒಳಗದಾಳಲ್ಲ?"

"ಆಕಿ ಹಡದಾಕಿ. ನಾ ಖರೀದಿ ಮಾಡಿದಾಕಿ. ಜ್ವಾಳ ಅಳದು ಕೊಟ್ಟೀನಿ, ಊರು ನೋಡ್ಯಾದ. ಸರೀ ಬಾಜೂ."

ರಾಮಲಿಂಗ ಮೆಟ್ಟಲು ಹಾರ್ಕೊಂತ ಬಂದ. "ಸಿಸ್ಟರ್, ಕೂಸು ಮಾರಾಟದ ಕೇಸ್ರೀ! ಪೋಲೀಸರಿಗೆ ಹಚ್ರಿ!" ಖೋಲ್ಯಾಗ ಎಲ್ಲರೂ ತಮ್ಮ ತಮ್ಮ ಕೂಸಿನ ಕಡಿ ಓಡಿದ್ರು. ನಜಮುನ್ನೀಸಾ ಚಪ್ಪಲಿ ಕೈಯಾಗ ಹಿಡದು ಬಾಗಲಾಗ ನಿಂತ್ಳು. ಹಿಂದಿಂದ ಚಾಚಿ ಏದುಸಿರು ಬಿಟ್ಕೊಂತ ಮ್ಯಾಲ ಬಂದು, "ಯಾವ ಪೋಲೀಸ್ ಬರ್ತಾನ ಬರಲಿ, ಅವನ ಅವ್ವನೂ ಅವನ್ನ ಮಾರಿರ್ತಾಳ" ಅಂದ್ಳು.

ಉಮಾದೇವಿ ಸಿಸ್ಟರ್ ಸೊಂಟಕ್ಕ ಕೈ ಇಟ್ಟು ಕೇಳಿದ್ಳು, "ಎಷ್ಟಕ್ಕ ತಗೊಂಡ್ರಿ?"

"ಒಂದು ಮರ ಜ್ವಾಳಕ್ಕ."

"ಬಿಳೀ ಜ್ವಾಳ?"

"ಮತ್ತೇನು, ನಮ್ಮ ಮನಿ ಜ್ವಾಳ!"

ಸಿಸ್ಟರ್ ಅಂದ್ಳು, "ನನ್ನ ನಮ್ಮವ್ವ ತೌಡಿಗೆ ಮಾರಿದ್ಳು ನೋಡ್ರಿ. ಗಂಡು ಅಂತ ನಿಮ್ಮದಕ್ಕ ರೇಟ್ ಜಾಸ್ತಿ." ಅಷ್ಟಂದು ತಾನೇ ನಕ್ಕಳು. ರಾಮಲಿಂಗಗ, "ನಡಿ ಕೆಳಗ, ನಿನ್ನನ್ನ ಯಾರೂ ತಗೊಳ್ಳಲಿಲ್ಲ ಕಾಣಸ್ತದ" ಅಂದ್ಳು.

ಚಾಚಿಗೆ ಕೈ ತೊಳಿಸಿ ಗಾಜಿನ ಈ ಕಡಿ ನಿಲ್ಲಿಸಿದ್ರು. ಆಕಿ ಗಾಜಿಗೆ ಮೂಗು ಹಚ್ಚಿ ನೋಡಿದ್ಳು. ಆಮ್ಯಾಲ, "ಎಷ್ಟ್ ಸಣ್ಣದದವಾ. ಮರದ ತುಂಬ ಕೊಟ್ಟು ಬಂದೀನಿ, ಇದು ಒಂದು ಸೇರೂ ಇಲ್ಲ" ಅಂದ್ಳು. ಕಣ್ಣೊರಿಸ್ಕೊಂಡ್ಳು. ಕೂಸು ಆಕಳಿಸ್ತು. ಸುಮ್ಮ ಆಕಳಿಸಿದ್ದೇ, ನಾವು ಮೂರೂ ಮಂದಿ ಜಾತ್ರಿ ನೋಡಿದಂಗ ನೋಡಿದ್ವಿ.

ಭಾಗ್ಯಜ್ಯೋತಿ


ಬೇಸ್ತವಾರ, ೨೦ ಫೆಬ್ರವರಿ

ಭಾಗ್ಯಾ,

ಅದನ್ನ ಓದಿ ಅವ್ವ ನಕ್ಕಳು. ನಾ ನಕ್ಕು ಮುಗಿಸೋದ್ರಾಗ ಮತ್ತೊಂದು ಚಿಂತಿ ಹತ್ತಿತು.

ಚಾಚಿ ಊರಿಗಿ ಬಂದಾಕಿ ಮನಿ ಮನಿಗೂ ಹೋಗಿ "ನನ್ನ ಕೂಸು ಆಕಳಿಸ್ತು" ಅಂತ ಹೇಳಾಕತ್ತಾಳ. ತೊಟ್ಟಿಲು ಹಗ್ಗ ಹೊಸಾದು ತಂದಾಳ, ತನ್ನ ಮನಿ ಜಂತಿಗಿ ಕಟ್ಟಾಕ! ದಸ್ತಗೀರ ಅಂತ ಹೆಸರಿಡ್ತಾಳಂತ. ಅವ್ವ ಅಂದ್ಳು, "ಇಡಲಿ ಬಿಡು, ನಾವು ದಸ್ತಗೀರಪ್ಪ ಅಂತೀವಿ." ಹೆಸರಿಗೆ ನನ್ನ ತಕರಾರಿಲ್ಲ. ಮರಳಿ ಕೊಡ್ತಾಳಿಲ್ಲೋ? ಮಾರುವಾಗ ಅದನ್ನ ಯಾರೂ ಗಟ್ಟಿ ಮಾಡಿ ಕೇಳಿಲ್ಲ. ನಂಗೂ ತಿಳೀಲಿಲ್ಲ.

ಬಾಯಿಲೆ ಎಳೀತದ ಏನು ಈಗ?

ಅಣವೀರ


ಶನಿವಾರ, ೨೨ ಫೆಬ್ರವರಿ

ಅಂಬುಜಾನ ಅಪ್ಪಗ,

ಎಳೀತದ. ನಳಿಗಿ ತಗದು ಎದಿಗೆ ಹಚ್ಚಿದ್ರು. ಮೊದಲು ಮೂಸಿ ನೋಡ್ತು, ಮಾರಿ ಕಿವುಚ್ತು, ಥೇಟ್ ನೀವು ಹೊಸಾ ಪಲ್ಯ ನೋಡಿದಂಗ. ಆಮ್ಯಾಲ ಹಿಡೀತು ನೋಡ್ರಿ, ಬಿಡವಲ್ದು. ನಜಮುನ್ನೀಸಾ "ಡೈರಿ ಬಂದ್ ಆಯ್ತಕ್ಕಾ" ಅಂದ್ಳು.

ಸೋಮವಾರ ಬಿಡ್ತಾರಂತ. ಅಪ್ಪ ಬಂದು ಸಹಿ ಮಾಡಬೇಕಂತ. ಈ ಸಲ ಗಿಡದ ಬುಡಕ ಕುಂತ್ರ ನಾ ಕೆಳಗಿಳದು ಬಂದು ಆ ಟಾವೆಲ್ಲಿಲೇ ಎಳ್ಕೊಂಡು ಹೋಗ್ತೀನಿ.

ಚಾಚಿ ಚಿಂತಿ ಬಿಡ್ರಿ. ಆಕಿ ಜಂತಿಗೆ ತೊಟ್ಟಿಲು ಕಟ್ಟಲಿ, ನಮ್ಮ ಜಂತಿಗೂ ಒಂದಿರಲಿ. ನಡುವ ಒಂದೇ ಗ್ವಾಡಿ ಅದ. ಹಸದಾಗ ಚೀರ್ತದ, ನಾ ಹೋಗಿ ಕುಡಿಸಿ ಬರ್ತೀನಿ. ಆಕಿಗೆ ರಾತ್ರಿ ನಿದ್ದಿ ಬೇಕಾದಾಗ ತಾನೇ ತಂದು ಕೊಡ್ತಾಳ.

ಒಂದು ಮಾತು ಹೇಳ್ತೀನಿ, ಅಂಜಬ್ಯಾಡ್ರಿ. ನೀವು ಅಲ್ಲಿ ಬಾಯಿ ಕಟ್ಕೊಂಡು "ಆ ಕೂಸು, ಆ ಕೂಸು" ಅನ್ನುವಾಗ ನಂಗ ಮಾರಿದ್ದು ಎಲ್ಲಿ ಗೊತ್ತಿತ್ತು? ಪೆಟ್ಟಿಗ್ಯಾಗ ಕೈ ಹಾಕಾಕ ಬಿಟ್ಟಾಗೆಲ್ಲ ಬಗ್ಗಿ ಅವನ ಕಡಿ ನೋಡಿ "ನನ್ನ ಮಗ, ನನ್ನ ಮಗ" ಅಂದೀನಿ. ಸೂಜಿ ಹಾಕಿದ ದಿನ ಜೋರಾಗೇ ಅಂದೀನಿ, ಡಾಕ್ಟರ್ ತಿರಗಿ ನೋಡಿದ್ರು. ನೀವು ಅನ್ನದೇ ಇದ್ದದ್ದಕ್ಕ ಉಳದನೋ, ನಾ ಅಂದದ್ದಕ್ಕ ಉಳದನೋ ನಂಗ ತಿಳೀದು. ಡಾಕ್ಟರ್ ಔಷಧಿಗೆ ಅಂತಾರ. ಅವರೂ ಭಾಳ ದುಡದಾರ, ಅನ್ಕೊಳ್ಳಲಿ.

ಸೋಮವಾರ ಡಬ್ಬಿ ತರಬ್ಯಾಡ್ರಿ. ಮನ್ಯಾಗೇ ಬಂದು ಉಣ್ತೀನಿ. ಅಂಬುಜಾಗ ಸಾಲಿ ಬಿಡಸ್ರಿ, ಒಂದಿನಕ್ಕ ಏನೂ ಆಗಂಗಿಲ್ಲ.

ಭಾಗ್ಯಜ್ಯೋತಿ


ರವಿವಾರ, ೨೩ ಫೆಬ್ರವರಿ

ಭಾಗ್ಯಾ,

ಸಹಿ ಅನ್ನೋದು ಓದಿ ಮತ್ತ ಅಂಜಿದೆ. ಗೇಟಿನ್ಯಾಗ ಹೇಳಾಕ ಆಗದ್ದು ಕಾಗದದ ಮ್ಯಾಲ ಹ್ಯಾಂಗ ಬರಿಯಲಿ? ನಿನ್ನೆ ರಾತ್ರಿ ಇಡೀ ಹೊಳ್ಳ್ಯಾಡಿದೆ. ನೀ "ನನ್ನ ಮಗ" ಅಂದದ್ದು ಅವ್ವಗ ಹೇಳಿಲ್ಲ. ಆದ್ರ ಆ ಸಾಲು ಎಷ್ಟು ಸಲ ಓದೀನಿ ಅಂದ್ರ ಕಾಗದ ಮೆತ್ತಗಾಗ್ಯಾದ.

ಮುಂಜಾನೆದ್ದು ಚಾಚಿ ಕಡಿ ಹೋದೆ. ಮಾಲಕಿ ಆಕಿ, ಆಕಿನ್ನೇ ಕೇಳೋದು ಸರಿ ಅನಸ್ತು. "ಚಾಚಿ, ನಾಳಿ ರಾಮಲಿಂಗ ಕೇಳ್ತಾನ, ಏನು ಹೇಳ್ಲಿ?" ಅಂದೆ. ಆಕಿ ಅಂಗಳ ಕಸಾ ಹೊಡೀತಿದ್ಳು. ಕಸಬರಗಿ ನಿಲ್ಲಿಸಿ ನನ್ನ ಮಾರಿ ನೋಡಿದ್ಳು. ಇಷ್ಟು ದೊಡ್ಡಂವ ಆಗಿ ಇದನ್ನ ಕೇಳ್ತಾನಲ್ಲಾ ಅಂತ ಇರಬೇಕು.

"ಅಪ್ಪ ಅಂತ ಹೇಳು," ಅಂದ್ಳು. "ನಾಳಿ ಒಂದಿನ ಎರವು ಕೊಟ್ಟೀನಿ. ಸಂಜಿ ಬಸ್ಸಿಗೆ ತಂದು ನನ್ನ ಉಡ್ಯಾಗ ಹಾಕು."

"ಸಹಿನೂ ಮಾಡ್ಲಾ?"

"ಮಾಡು. ಎರಡು ಮಾಡು."

ಈಗ ಹೊಳಿ ದಂಡ್ಯಾಗ ಕುಂತು ಬರ್ಯಾಕತ್ತೀನಿ. ಸುತ್ತ ಯಾರಿಲ್ಲ. ಗೇಟಿನ್ಯಾಗ ಬಾಯಿ ಕೈಕೊಡಬಾರದಂತ ಇಲ್ಲೇ ಜೋರಾಗಿ ಅಂದು ನೋಡಿದೆ. "ನಾ ಅದರ ಅಪ್ಪ." ಮೊದಲ ಸಲ ದನಿ ನಡಗ್ತು. ಎರಡನೇ ಸಲ ಚೊಲೋ ಬಂತು. ಆಮ್ಯಾಲ ಬ್ಯಾಡಂದ್ರೂ ನಿಲ್ಲವಲ್ದು, ಅನ್ಕೊಂತೇ ಕುಂತೀನಿ.

ಮೊದಲ ಬಸ್ಸಿಗೇ ಬರ್ತೀನಿ.

ಅಣವೀರ